ರಕ್ಕಸನಲ್ಲಿ ದೋಷವೋ, ಮನೆ ರೂಲಿನಲ್ಲೋ? ಟೇಬಲ್‌ಟಾಪ್ ಫ್ಯಾಂಟಸಿ ಆಟಕ್ಕೆ ದೋಷ ನಿವಾರಣೆ ಕೈಪಿಡಿ

ಚೌಕಾಬಾರ ಆಡಿದವರಿಗೆ ಮನೆ ರೂಲು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿರಲಿಲ್ಲ. ಪಕ್ಕದ ಓಣಿಯಲ್ಲಿ ಆ ರೂಲೇ ಇರಲಿಲ್ಲ. ಅದೇ ಮನೆ, ಅದೇ ಕವಡೆ, ಆದರೆ ಆಟ ಬೇರೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಥರದ ಆಟದಲ್ಲೂ ಹಾಗೇ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ನಡೆಸುವ ಆಟ ಇದು. ಕಲಬುರಗಿಯಲ್ಲಿ ನಾವು ಐದಾರು ಜನ ಭಾನುವಾರ ಮಧ್ಯಾಹ್ನ ಸೇರಿ ಆಡುತ್ತೇವೆ. ಡಿಎಂ, ಅಂದರೆ ಕಥೆ ಹೇಳಿ ಮಾನ್‌ಸ್ಟರ್‌ಗಳನ್ನು ಆಡಿಸುವವನು, ನಾನು. ಆಟ ಕೆಟ್ಟಾಗ ಎಲ್ಲರೂ ಮೊದಲು ಬೈಯುವುದು ಮಾನ್‌ಸ್ಟರ್‌ಗೆ. "ಇದು ಭಾಳ ಸ್ಟ್ರಾಂಗ್ ಆತು" ಅನ್ನುತ್ತಾರೆ, ಇಲ್ಲವೇ "ಇದರಾಗ ದಮ್ಮೇ ಇಲ್ಲ" ಅನ್ನುತ್ತಾರೆ. ಡಿಎಂ ಆದವನು ಕೂಡಲೇ ಪೆನ್ಸಿಲ್ ಹಿಡಿದು ಮಾನ್‌ಸ್ಟರ್‌ನ ನಂಬರ್ ತಿದ್ದಲು ಕೂರುತ್ತಾನೆ. ನಾನು ಕಂಡ ಮಟ್ಟಿಗೆ ದೋಷ ಅಲ್ಲಿರುವುದು ಕಡಿಮೆ. ಯಾವಾಗಲೋ ಖುಷಿಗೆ ಸೇರಿಸಿದ ಮನೆ ರೂಲೊಂದು ಆ ಮಾನ್‌ಸ್ಟರ್‌ನ ನಂಬರನ್ನು ಆಗಲೇ ಬದಲಿಸಿಬಿಟ್ಟಿರುತ್ತದೆ. ಅದು ನಮಗೆ ಗೊತ್ತೇ ಇರುವುದಿಲ್ಲ.

ಇಲ್ಲಿನ ಲೆಕ್ಕವೆಲ್ಲ 2014ರ ಐದನೇ ಆವೃತ್ತಿಯದು. ಅದರ ಮೂಲ ನಿಯಮಗಳ ಕಡತ, ಎಸ್‌ಆರ್‌ಡಿ 5.1, ಜನವರಿ 2023ರಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಸಿಗುತ್ತದೆ. ಮೂಲದ ಹೆಸರು ಹೇಳಿ, ಯಾರು ಬೇಕಾದರೂ ಅದನ್ನು ತಿದ್ದಬಹುದು, ಕನ್ನಡಕ್ಕೆ ತರಬಹುದು, ಹಂಚಬಹುದು. ಪುಸ್ತಕ ಕೊಳ್ಳಲು ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಾಗಿಲ್ಲ.

## ಯಾವ ಲಕ್ಷಣವೇ ಇರಲಿ, ಮೊದಲು ಇಷ್ಟು ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಟೇಬಲ್‌ನಲ್ಲಿ ಇರುವ ಮನೆ ರೂಲುಗಳನ್ನೆಲ್ಲ ಬರೆಯಿರಿ. ನೀವೊಬ್ಬರೇ ಬರೆಯಬೇಡಿ, ಆಡುವವರನ್ನೆಲ್ಲ ಕೇಳಿ. ನಮ್ಮಲ್ಲಿ 4 ಇವೆ ಅಂತ ನಾನು ನಂಬಿದ್ದೆ. ಕೇಳಿದಾಗ 9 ಸಿಕ್ಕವು. ಅವುಗಳಲ್ಲಿ ಎರಡು ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಅರ್ಧ ಜನ 2014ರ ಪುಸ್ತಕ, ಇನ್ನರ್ಧ ಜನ 2024ರ ಪುಸ್ತಕ ನೋಡುತ್ತಿದ್ದಾರಾ ಅಂತಲೂ ಕೇಳಿ. ಗಾಯ ವಾಸಿ ಮಾಡುವ ಮದ್ದಿನ ಸೀಸೆ ಕುಡಿಯಲು ಹಳೆಯದರಲ್ಲಿ ಇಡೀ ಆ್ಯಕ್ಷನ್, ಅಂದರೆ ಆ ಪಾಳಿಯ ಮುಖ್ಯ ಕೆಲಸವೇ, ಬೇಕು. ಹೊಸದರಲ್ಲಿ ಬೋನಸ್ ಆ್ಯಕ್ಷನ್, ಅಂದರೆ ಅದರ ಜೊತೆಗೆ ಮಾಡಬಹುದಾದ ಸಣ್ಣ ಕೆಲಸ, ಸಾಕು. ಒಬ್ಬ ಕುಡಿದು ಹೊಡೆಯುತ್ತಾನೆ, ಇನ್ನೊಬ್ಬ ಕುಡಿದು ಸುಮ್ನೆ ಕೂರುತ್ತಾನೆ. ಇಬ್ಬರೂ ತಾವು ಸರಿ ಅಂದುಕೊಂಡಿರುತ್ತಾರೆ.

ಆಮೇಲೆ ಕೋಣೆ ನೋಡಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸ್ ಹಾಕಿದ ಮಾಳಿಗೆ ಕೋಣೆಯಲ್ಲಿ ಮಧ್ಯಾಹ್ನ 3 ಗಂಟೆಗೆ ಕೂತವರಿಗೆ ಯಾವ ಆಟವೂ ರುಚಿಸುವುದಿಲ್ಲ. ಆಟ 5 ಗಂಟೆಗೆ ಶುರು ಮಾಡಿ, ಒಂದು ಕೊಡ ನೀರು ಇಟ್ಟುಕೊಳ್ಳಿ. ನಮ್ಮಲ್ಲಿ ಎಷ್ಟೋ ಜಗಳ ಇಷ್ಟಕ್ಕೇ ನಿಂತುಹೋಗಿದೆ.

ಇನ್ನೊಂದು ಮಾತು, ಇದನ್ನು ಮುರಿಯಲೇಬೇಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡು ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

## "ನನ್ ಪಾಳಿ ಬಂತೇನು?" ಹೊಡೆದಾಟ ಮುಗಿಯುವುದೇ ಇಲ್ಲ

ಎರಡನೇ ಸುತ್ತಿಗೆ ಒಬ್ಬ ಮೊಬೈಲ್ ತೆಗೆಯುತ್ತಾನೆ. ನಾಲ್ಕನೇ ಸುತ್ತಿಗೆ ಯಾರ ಪಾಳಿ ಅಂತ ಯಾರಿಗೂ ನೆನಪಿರುವುದಿಲ್ಲ. ಗುರುತು ಇದೇ.

ಮೊದಲು ಗಡಿಯಾರ ನೋಡಿ. ನಾಲ್ಕು ಜನ ಆಟಗಾರರು, ಒಬ್ಬ ಡಿಎಂ, ತಲಾ 2 ನಿಮಿಷ ಅಂದರೂ ಒಂದು ಸುತ್ತಿಗೆ 10 ನಿಮಿಷ. ಮೂರು ಸುತ್ತು ಅರ್ಧ ಗಂಟೆ. ಅಷ್ಟು ಸರಿ. ಯಾರದಾದರೂ ಪಾಳಿ 5 ನಿಮಿಷ ಹಿಡಿಯುತ್ತಿದ್ದರೆ ದೋಷ ಮಾನ್‌ಸ್ಟರ್‌ನಲ್ಲಿ ಇಲ್ಲ. ಅವರಿಗೆ ತಮ್ಮ ಮಂತ್ರ, ಆಯುಧದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.

ಪಾಳಿ ಬೇಗ ಮುಗಿದರೂ ಆಟ ಎಳೆಯುತ್ತಿದೆಯಾ? ಹಾಗಾದರೆ ಹತ್ತು ಹೊಡೆತದಲ್ಲಿ ಎಷ್ಟು ತಪ್ಪಿದವು ಅಂತ ಎಣಿಸಿ. ಐದಕ್ಕಿಂತ ಜಾಸ್ತಿ ತಪ್ಪಿದರೆ ಎಸಿ ಏರಿದೆ ಅಂತ ಅರ್ಥ. 20 ಮುಖದ ದಾಳಕ್ಕೆ (ಡಿ20) ಹೊಡೆಯುವವರ ನಂಬರ್ ಕೂಡಿಸಿದಾಗ ಎಸಿ ಮುಟ್ಟಿದರೆ ಹೊಡೆತ ತಾಗುತ್ತದೆ.

ಓಗರ್ ಅನ್ನುವ ದೈತ್ಯನನ್ನು ತೆಗೆದುಕೊಳ್ಳೋಣ. ಪುಸ್ತಕದಲ್ಲಿ ಎಸಿ 11, ಎಚ್‌ಪಿ (ಎಷ್ಟು ಏಟು ತಡೆಯುತ್ತಾನೆ ಅನ್ನುವ ಲೆಕ್ಕ) 59. ಮೂರನೇ ಲೆವೆಲ್‌ನ ನಾಲ್ಕು ಜನ ದಾಳಕ್ಕೆ +5 ಕೂಡಿಸಿ ಹೊಡೆಯುತ್ತಾರೆ, ತಾಗಿದ ಒಂದು ಹೊಡೆತಕ್ಕೆ ಸರಾಸರಿ 7.5 ಎಚ್‌ಪಿ. ನೂರಕ್ಕೆ 75 ಹೊಡೆತ ತಾಗುತ್ತವೆ. ಸುತ್ತಿಗೆ 22.5 ಎಚ್‌ಪಿ ಇಳಿಯುತ್ತದೆ, ಮೂರನೇ ಸುತ್ತಿನಲ್ಲಿ ಓಗರ್ ಬೀಳುತ್ತಾನೆ. ಈಗ "ಸ್ವಲ್ಪ ಗಟ್ಟಿ ಇರಲಿ" ಅಂತ ಎಸಿ 17 ಮಾಡಿದಿರಿ ಅನ್ನಿ. ನೂರಕ್ಕೆ 45 ಮಾತ್ರ ತಾಗುತ್ತವೆ. ಐದನೇ ಸುತ್ತಿಗೆ ಹೋಗುತ್ತದೆ. ಜೊತೆಗೆ ಎಚ್‌ಪಿ ಕೂಡ ಎರಡರಷ್ಟು ಮಾಡಿದರೆ 9 ಸುತ್ತು. ಅಂದರೆ ಒಂದೂವರೆ ಗಂಟೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು "ತಪ್ಪಿತು, ಮುಂದಿನವರು" ಅನ್ನುವುದರಲ್ಲೇ ಹೋಗುತ್ತದೆ.

ಅದಕ್ಕೇ ಗಟ್ಟಿ ಮಾಡಬೇಕಾದರೆ ಎಸಿ ಮುಟ್ಟಬೇಡಿ, ಎಚ್‌ಪಿ ಮುಟ್ಟಿ. ಹೊಡೆತ ತಾಗಿದವರಿಗೆ ತಾನು ಏನೋ ಮಾಡಿದೆ ಅನ್ನಿಸುತ್ತದೆ. ಅದಕ್ಕೆ ಮನೆ ರೂಲು ಕೂಡ ಬೇಡ. ಓಗರ್‌ನ ಎಚ್‌ಪಿ ಪಕ್ಕದಲ್ಲಿ 7ಡಿ10+21 ಅಂತ ಬರೆದಿರುತ್ತದೆ, ನೋಡಿದ್ದೀರಾ? ಅಂದರೆ 10 ಮುಖದ ದಾಳ 7 ಸಲ ಉರುಳಿಸಿ 21 ಕೂಡಿಸಬೇಕು. ಕಡಿಮೆ ಅಂದರೆ 28, ಜಾಸ್ತಿ ಅಂದರೆ 91. 59 ಬರೀ ಸರಾಸರಿ. ಈ ನಡುವೆ ಯಾವ ನಂಬರ್ ಇಟ್ಟರೂ ಅದು ಪುಸ್ತಕದ ಓಗರ್ರೇ. ಬಹಳ ಜನ ಡಿಎಂಗಳು ಈ ಸಾಲನ್ನು ಓದದೆ ದಾಟಿಬಿಡುತ್ತಾರೆ.

ಆಟ ನಡೆಯುತ್ತಿರುವಾಗಲೇ ಎಳೆಯುತ್ತಿದೆ ಅನ್ನಿಸಿದರೆ ಮಾನ್‌ಸ್ಟರ್ ಓಡಿಹೋಗಲಿ. ಕಾಲು ಭಾಗ ಎಚ್‌ಪಿ ಉಳಿದಾಗ ಜೀವ ಇರುವ ಯಾವ ಪ್ರಾಣಿ ನಿಂತು ಸಾಯುತ್ತದೆ, ಹೇಳಿ?

## ದೊಡ್ಡ ರಕ್ಕಸ ಒಂದೇ ಸುತ್ತಿನಲ್ಲಿ ಸತ್ತ

ಇದು ನಮ್ಮ ಟೇಬಲ್‌ನಲ್ಲಿ ಮೂರು ವಾರ ಕಾಡಿದ ದೋಷ. ಹಾಗಾಗಿ ಪೂರ್ತಿ ಹೇಳುತ್ತೇನೆ.

ಐದನೇ ಲೆವೆಲ್‌ನ ಐದು ಜನ. ಹಾಳು ಕೋಟೆಯ ಕಂದಕದ ಸೇತುವೆ ಕೆಳಗೆ ಒಂದು ಟ್ರೋಲ್. ಎಸಿ 15, ಎಚ್‌ಪಿ 84, ತನ್ನ ಪಾಳಿ ಶುರುವಾದಾಗೆಲ್ಲ 10 ಎಚ್‌ಪಿ ವಾಪಸ್ ಬರುತ್ತದೆ, ಬೆಂಕಿ ಇಲ್ಲವೇ ಆ್ಯಸಿಡ್ ತಾಗಿದರೆ ಆ ಸಲ ಬರುವುದಿಲ್ಲ. ನಾನು ಅದಕ್ಕೆ ವಾಸನೆ, ದನಿ, ಒಂದು ಹಳೇ ಸೇಡು ಎಲ್ಲ ಕೊಟ್ಟಿದ್ದೆ. ಅದರ ಎರಡನೇ ಪಾಳಿ ಬರಲೇ ಇಲ್ಲ.

ಮುಂದಿನ ವಾರ ಅದರ ಅಣ್ಣ ಬಂದ, ಎಚ್‌ಪಿ 120. ಅವನೂ ಎರಡೇ ಸುತ್ತು. ಮೂರನೇ ವಾರ ಸಿಟ್ಟಿನಲ್ಲಿ ಎಸಿ 17 ಮಾಡಿದೆ. ಹೊಡೆದಾಟ ನಾಲ್ಕು ಸುತ್ತು ನಡೆಯಿತು. ನಾನು ಗೆದ್ದೆ ಅಂದುಕೊಂಡೆ. ಆದರೆ ನನ್ನ ಅಕ್ಕನ ಮಗಳು, ದೂರ ನಿಂತು ಬಾಣ ಬಿಡುವವಳು, ಆಟ ಮುಗಿದ ಮೇಲೆ ಹಾಳೆ ಮಡಚುತ್ತಾ ಮೆಲ್ಲಗೆ ಕೇಳಿದಳು: "ಮಾಮಾ, ನಾ ಏನರ ತಪ್ಪು ಮಾಡೀನೇನು? ನಂದೊಂದೂ ಬಾಣ ತಾಗಲಿಲ್ಲ."

ಅವಳ ತಪ್ಪು ಏನೂ ಇರಲಿಲ್ಲ. ನಮ್ಮಲ್ಲಿ ಇಬ್ಬರು ಎದುರುಬದುರು ನಿಂತು ಸುತ್ತುವರಿದರೆ ಅಡ್ವಾಂಟೇಜ್ ಅನ್ನುವ ರೂಲಿತ್ತು. ಎರಡು ಡಿ20 ಉರುಳಿಸಿ, ದೊಡ್ಡದನ್ನು ಇಟ್ಟುಕೊಳ್ಳುವುದು. ಪುಸ್ತಕದಲ್ಲಿ ಇದು ಬೇಕಾದರೆ ಸೇರಿಸಿಕೊಳ್ಳಿ ಅಂತ ಕೊಟ್ಟ ರೂಲು, ಆದರೆ ನಾವದನ್ನು ಮೂಲ ರೂಲು ಅಂತಲೇ ಆಡುತ್ತಿದ್ದೆವು. +7 ಇರುವವನು ಎಸಿ 15ಕ್ಕೆ ಹೊಡೆದರೆ ನೂರಕ್ಕೆ 65 ತಾಗುತ್ತವೆ. ಅಡ್ವಾಂಟೇಜ್ ಇದ್ದರೆ ಸುಮಾರು 88. ನನ್ನ ಟ್ರೋಲ್‌ನ ಎಸಿ 15 ಅಂತ ಹಾಳೆಯಲ್ಲಿತ್ತು, ಆಟದಲ್ಲಿ ಅದು 10 ಇಲ್ಲವೇ 11 ಆಗಿತ್ತು. ಡಿ20ರಲ್ಲಿ 20, ಅಂದರೆ ದೊಡ್ಡ ಏಟು, ಬೀಳುವ ಅವಕಾಶವೂ ನೂರಕ್ಕೆ 5ರಿಂದ 9.75ಕ್ಕೆ ಏರಿತ್ತು. ನಾನು ಎಸಿ 17 ಮಾಡಿದಾಗ ಸುತ್ತುವರಿದವರಿಗೆ ಇನ್ನೂ ನೂರಕ್ಕೆ 80 ತಾಗುತ್ತಿತ್ತು. ಒಬ್ಬಳೇ ದೂರ ನಿಂತ ಹುಡುಗಿಗೆ 55. ದಾಳ ಸ್ವಲ್ಪ ಕೈಕೊಟ್ಟಿತು ಅಂದರೆ ಅವಳ ಸಂಜೆ ಮುಗಿಯಿತು. ರೂಲಿನ ದೋಷವನ್ನು ಮಾನ್‌ಸ್ಟರ್‌ನಲ್ಲಿ ತಿದ್ದಲು ಹೋಗಿ, ಆ ರೂಲಿನಿಂದ ಏನೂ ಸಿಗದವಳಿಗೆ ಬರೆ ಹಾಕಿದ್ದೆ.

ಹಾಗಾಗಿ ಈ ಲಕ್ಷಣ ಕಂಡರೆ ಈ ಕ್ರಮದಲ್ಲಿ ನೋಡಿ.

ಸುತ್ತುವರಿಯುವ ರೂಲು ಇದೆಯಾ? ಇದ್ದರೆ ಅಡ್ವಾಂಟೇಜ್ ಬದಲು +2 ಕೊಡಿ. 65 ಇದ್ದದ್ದು 75 ಆಗುತ್ತದೆ, 88 ಅಲ್ಲ. ಸುತ್ತುವರಿದ ಖುಷಿ ಉಳಿಯುತ್ತದೆ.

ಆಮೇಲೆ ಪಾಳಿ ಎಣಿಸಿ. ಐದು ಜನರಿಗೆ ಐದು ಪಾಳಿ, ರಕ್ಕಸನಿಗೆ ಒಂದು. ಒಂಟಿ ರಕ್ಕಸ ಬೇಗ ಸಾಯುವುದಕ್ಕೆ ದೊಡ್ಡ ಕಾರಣವೇ ಇದು. ಎಚ್‌ಪಿ ಏರಿಸುವ ಬದಲು ಜೊತೆಗೆ ಮೂರು ಸಣ್ಣ ಮರಿಗಳನ್ನು ಬಿಡಿ. ಹೊಡೆತ ಹಂಚಿಹೋಗುತ್ತದೆ. ಒಂಟಿಯಾಗಿಯೇ ಇರಬೇಕು ಅಂದರೆ ಅದಕ್ಕೆ ಸುತ್ತಿಗೆ ಎರಡು ಪಾಳಿ ಕೊಡಿ, ಆದರೆ ಪ್ರತಿ ಪಾಳಿಯ ಹೊಡೆತ ಕಡಿಮೆ ಮಾಡಿ. ದೊಡ್ಡ ಡ್ರ್ಯಾಗನ್‌ಗಳಿಗೆ ಪುಸ್ತಕದಲ್ಲೇ ಇದಕ್ಕೆ ದಾರಿ ಇದೆ. ಬೇರೆಯವರ ಪಾಳಿ ಮುಗಿದ ಮೇಲೆ ಸುತ್ತಿಗೆ 3 ಸಲ ಲೆಜೆಂಡರಿ ಆ್ಯಕ್ಷನ್ ಅನ್ನುವ ಹೆಚ್ಚುವರಿ ಕೆಲಸ ಮಾಡಬಹುದು.

ರಕ್ಕಸ ಎಚ್‌ಪಿ ಮುಗಿದು ಸಾಯಲಿಲ್ಲ, ಒಂದೇ ಮಂತ್ರಕ್ಕೆ ಕಟ್ಟಿಹಾಕಿದ ಹಾಗೆ ನಿಂತುಬಿಟ್ಟ ಅಂದರೆ ಅದು ಬೇರೆಯೇ ಕಾಯಿಲೆ. ಅಲ್ಲಿ ಸೇವಿಂಗ್ ಥ್ರೋ, ಅಂದರೆ ಮಂತ್ರದಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ, ನೋಡಬೇಕು. ದೊಡ್ಡ ಡ್ರ್ಯಾಗನ್‌ಗಳಿಗೆ ದಿನಕ್ಕೆ 3 ಸಲ ಸೋತ ಥ್ರೋವನ್ನು ಗೆಲುವು ಮಾಡಿಕೊಳ್ಳುವ ಶಕ್ತಿ ಇರುತ್ತದೆ. ನಿಮ್ಮ ರಕ್ಕಸನಿಗೂ ಅದನ್ನು ಒಂದು ಸಲಕ್ಕೆ ಮಾತ್ರ ಕೊಡಿ, ಬಳಸಿದಾಗ ಅದರ ಮೈಮೇಲೆ ಏನಾದರೂ ಒಡೆಯಲಿ. ಕೊಂಬು ಮುರಿಯಲಿ, ತಾಯಿತ ಸಿಡಿಯಲಿ. ಮಂತ್ರ ಹಾಕಿದವಳಿಗೆ ತನ್ನ ಪಾಳಿ ದಂಡ ಆಗಲಿಲ್ಲ ಅಂತ ಕಣ್ಣಿಗೆ ಕಾಣಬೇಕು.

## ಪುಟಾಣಿ ಗಾಬ್ಲಿನ್‌ಗಳು ಎಲ್ಲರನ್ನೂ ಮಲಗಿಸಿದವು

ಹೊಸದಾಗಿ ಶುರು ಮಾಡಿದವರ ಮೊದಲ ಸಂಜೆಯ ದೋಷ ಇದು. ನಾಲ್ಕು ಗಾಬ್ಲಿನ್ ನೋಡಲು ಏನೂ ಅಲ್ಲ, ಒಂದೊಂದಕ್ಕೆ ಎಚ್‌ಪಿ 7. ಆದರೆ ಲೆಕ್ಕ ಹಾಕಿ. ಒಂದಕ್ಕೆ 50 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅಂಕ), ನಾಲ್ಕಕ್ಕೆ 200. ಮೂರರಿಂದ ಆರು ಮಾನ್‌ಸ್ಟರ್ ಇದ್ದರೆ ಎರಡರಿಂದ ಗುಣಿಸಬೇಕು, 400. ಮೊದಲ ಲೆವೆಲ್‌ನ ನಾಲ್ಕು ಜನರಿಗೆ ಪುಸ್ತಕ "ಪ್ರಾಣಕ್ಕೆ ಕುತ್ತು" ಅನ್ನುವ ಗೆರೆ ಎಳೆದಿರುವುದೂ ಸರಿಯಾಗಿ 400ಕ್ಕೇ. ಈ ಗುಣಾಕಾರವನ್ನು ಮರೆಯುವವರೇ ಜಾಸ್ತಿ.

ನಾಲ್ಕೂ ಸೇರಿ ಎಸಿ 14 ಇರುವ ಒಬ್ಬರ ಮೇಲೆ ಬಿದ್ದರೆ ಸುತ್ತಿಗೆ ಸುಮಾರು 12 ಎಚ್‌ಪಿ ಹೋಗುತ್ತದೆ. ಮೊದಲ ಲೆವೆಲ್‌ನ ಮಾಂತ್ರಿಕನ ಹತ್ತಿರ ಅಷ್ಟು ಇರುವುದೇ ಇಲ್ಲ. ಖರ್ಚಿಲ್ಲದ ಮದ್ದು: ಎರಡು ಮೊದಲು ಬರಲಿ, ಎರಡು ಎರಡನೇ ಸುತ್ತಿಗೆ ಬರಲಿ. ಒಂದೊಂದು ಒಬ್ಬೊಬ್ಬರನ್ನು ಹಿಡಿಯಲಿ.

ಆಮೇಲೆ ಕ್ರಿಟಿಕಲ್ ರೂಲು, ಅಂದರೆ ಡಿ20ರಲ್ಲಿ 20 ಬಿದ್ದಾಗಿನ ದೊಡ್ಡ ಏಟಿನ ರೂಲು, ನೋಡಿ. "20 ಬಿದ್ದರೆ ದಾಳದ ಪೂರ್ತಿ ನಂಬರ್, ಅದರ ಮೇಲೆ ಇನ್ನೊಂದು ಸಲ ಉರುಳಿಸು" ಅನ್ನುವ ಮನೆ ರೂಲು ಎಲ್ಲರಿಗೂ ಪ್ರೀತಿ. ಓಗರ್‌ನ ದೊಣ್ಣೆ 2ಡಿ8+4. ಪುಸ್ತಕದ ಕ್ರಿಟಿಕಲ್‌ನಲ್ಲಿ ದಾಳ ಎರಡರಷ್ಟು ಉರುಳಿಸಿ ಸರಾಸರಿ 22, ಈ ಮನೆ ರೂಲಿನಲ್ಲಿ 29. ಆಟಗಾರ ಒಂದು ರಾತ್ರಿಯಲ್ಲಿ ಹತ್ತು ಸಲ ಹೊಡೆಯಬಹುದು. ಡಿಎಂ ಎಲ್ಲ ಮಾನ್‌ಸ್ಟರ್‌ಗಳ ಪರವಾಗಿ ಮೂವತ್ತು ಸಲ ಹೊಡೆಯುತ್ತಾನೆ. 20 ಜಾಸ್ತಿ ಯಾರಿಗೆ ಬೀಳುತ್ತದೆ? ಈ ರೂಲು ಬೇಕೇ ಬೇಕು ಅಂದರೆ ಆಟಗಾರರಿಗೆ ಮಾತ್ರ ಇರಲಿ ಅಂತ ಎಲ್ಲರೂ ಒಪ್ಪಿಕೊಳ್ಳಿ.

## ಪಳಗಿದ ಯೋಧನ ಕತ್ತಿಯೇ ಜಾರುತ್ತದೆ

1 ಬಿದ್ದರೆ ಕತ್ತಿ ಜಾರುತ್ತದೆ, ಬಿಲ್ಲಿನ ಹೆದೆ ಹರಿಯುತ್ತದೆ, ಗೆಳೆಯನಿಗೇ ಏಟು ಬೀಳುತ್ತದೆ. ಇಂಥ ಪಟ್ಟಿ ಇಲ್ಲದ ಟೇಬಲ್ ಕಡಿಮೆ. ಮೊದಲ ತಿಂಗಳು ಎಲ್ಲರೂ ನಗುತ್ತಾರೆ. ಲೆವೆಲ್ ಏರಿದಂತೆ ಯೋಧ ಆಡುವವನ ಮುಖ ಸಣ್ಣಗಾಗುತ್ತದೆ, ಯಾಕೆ ಅಂತ ಅವನಿಗೂ ಹೇಳಲು ಬರುವುದಿಲ್ಲ.

ಲೆಕ್ಕ ಹೇಳುತ್ತದೆ. ಯೋಧನಿಗೆ ಐದನೇ ಲೆವೆಲ್‌ನಲ್ಲಿ ಪಾಳಿಗೆ 2 ಹೊಡೆತ, 11ರಲ್ಲಿ 3, 20ರಲ್ಲಿ 4. ಒಂದು ಹೊಡೆತಕ್ಕೆ 1 ಬೀಳುವ ಅವಕಾಶ ನೂರಕ್ಕೆ 5. ಎರಡು ಹೊಡೆತದಲ್ಲಿ ಒಂದಾದರೂ 1 ಬೀಳುವುದು 9.75. ಮೂರರಲ್ಲಿ 14.3. ನಾಲ್ಕರಲ್ಲಿ 18.5. ನಾಲ್ಕು ಸುತ್ತಿನ ಹೊಡೆದಾಟದಲ್ಲಿ ಐದನೇ ಲೆವೆಲ್‌ನ ಯೋಧ ಮೂರಕ್ಕೊಂದು ಸಲ ಎಡವುತ್ತಾನೆ. 20ನೇ ಲೆವೆಲ್‌ನ ಮಹಾವೀರ ಎರಡಕ್ಕೊಂದಕ್ಕಿಂತ ಜಾಸ್ತಿ. ಪಕ್ಕದಲ್ಲಿ ಬೆಂಕಿ ಉಂಡೆ ಎಸೆಯುವ ಮಾಂತ್ರಿಕ ಆ ಮಂತ್ರಕ್ಕೆ ಡಿ20 ಮುಟ್ಟುವುದೇ ಇಲ್ಲ. ಅವನಿಗೆ ಸೊನ್ನೆ.

ಅಂದರೆ ಈ ಪಟ್ಟಿ ಯಾರು ಜಾಸ್ತಿ ಪಳಗಿದ್ದಾರೋ ಅವರನ್ನೇ ಜಾಸ್ತಿ ಬೀಳಿಸುತ್ತದೆ. ದಿನಕ್ಕೆ ನೂರು ರೊಟ್ಟಿ ಬಡಿಯುವ ಅವ್ವನ ಕೈಯಿಂದ ರೊಟ್ಟಿ ಜಾಸ್ತಿ ಹರಿಯುತ್ತದೆ ಅಂದರೆ ನಂಬುತ್ತೀರಾ?

ಮಾನ್‌ಸ್ಟರ್‌ಗೂ ಇದೇ ಆಗುತ್ತದೆ, ಇದನ್ನು ಗಮನಿಸುವವರು ಕಡಿಮೆ. ಟ್ರೋಲ್‌ಗೆ ಪಾಳಿಗೆ 3 ಹೊಡೆತ, ಒಂದು ಕಚ್ಚು, ಎರಡು ಪರಚು. ಹಾಗಾಗಿ ಅದೂ ಏಳು ಪಾಳಿಗೆ ಒಂದು ಸಲ ಮುಗ್ಗರಿಸುತ್ತದೆ. ನೀವು ಹೆದರಿಸಲು ಕಟ್ಟಿದ ರಕ್ಕಸ ಎಲ್ಲರ ಮುಂದೆ ಜಾರಿ ಬಿದ್ದ ಮೇಲೆ ಅವನಿಗೆ ಮತ್ತೆ ಆ ಗತ್ತು ಬರುವುದಿಲ್ಲ.

ಪುಸ್ತಕದಲ್ಲಿ ಹೊಡೆತಕ್ಕೆ 1 ಬಿದ್ದರೆ ಹೊಡೆತ ತಪ್ಪಿತು, ಅಷ್ಟೇ. ನನ್ನ ಸಲಹೆ, ಪಟ್ಟಿಯನ್ನು ಹರಿದು ಹಾಕಿ. ಮನಸ್ಸು ಬಾರದಿದ್ದರೆ ಪಾಳಿಯ ಮೊದಲ ಹೊಡೆತಕ್ಕೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಗ ಹೊಡೆಯುವವರಿಗೆಲ್ಲ ನೂರಕ್ಕೆ 5.

## ಯಾರೂ ಸಾಯುವುದಿಲ್ಲ, ಭಯವೇ ಇಲ್ಲ

ಸೊನ್ನೆಗೆ ಬಿದ್ದವರು ಪ್ರತಿ ಸುತ್ತೂ ಒಂದು ಸಣ್ಣ ವಾಸಿ ಮಂತ್ರಕ್ಕೆ ಎದ್ದು ಕೂರುತ್ತಾರೆ. ಇದಕ್ಕೆ "ಬಿದ್ದಾಗೆಲ್ಲ ಒಂದು ಹಂತ ಬಳಲಿಕೆ" ಅನ್ನುವ ಮನೆ ರೂಲು ತರುತ್ತಾರೆ. ಎಚ್ಚರ. ಬಳಲಿಕೆಗೆ 6 ಹಂತ, ಆರನೆಯದು ಸಾವು, ಮೂರನೇ ಹಂತಕ್ಕೇ ಹೊಡೆತಕ್ಕೂ ಸೇವಿಂಗ್ ಥ್ರೋಗೂ ಡಿಸ್ಅಡ್ವಾಂಟೇಜ್ (ಎರಡು ಡಿ20 ಉರುಳಿಸಿ, ಸಣ್ಣದನ್ನು ಇಟ್ಟುಕೊಳ್ಳುವುದು). ಒಂದು ರಾತ್ರಿ ನಿದ್ದೆಗೆ ಒಂದೇ ಹಂತ ಇಳಿಯುತ್ತದೆ. ಮುಂದೆ ನಿಂತು ಎಲ್ಲರ ಏಟು ತಿನ್ನುವವನೇ ಇದಕ್ಕೆ ಬಲಿ. ಮೊದಲು ಮಾನ್‌ಸ್ಟರ್‌ಗೆ ಬುದ್ಧಿ ಕೊಟ್ಟು ನೋಡಿ. ವಾಸಿ ಮಾಡುವವನ ಕಡೆ ಒಂದು ತೋಳ ತಿರುಗಿದರೂ ಸಾಕು, ಎಲ್ಲರೂ ನೆಟ್ಟಗೆ ಕೂರುತ್ತಾರೆ.

## ದಾಳವೇ ಸರಿ ಇಲ್ಲ ಅನ್ನಿಸುತ್ತದೆ

ಮೊದಲು ನೆಲ ನೋಡಿ. ನಮ್ಮಲ್ಲಿ ಶಹಾಬಾದ್ ಕಲ್ಲಿನ ನೆಲ, ಸಂದಿಯಲ್ಲಿ ದಾಳ ವಾರೆಯಾಗಿ ನಿಲ್ಲುತ್ತದೆ. ವಾರೆ ನಿಂತರೆ ಮತ್ತೆ ಉರುಳಿಸಬೇಕು ಅಂತ ಮೊದಲೇ ಹೇಳಿಬಿಡಿ. ಒಂದು ತಾಟಿನಲ್ಲಿ ಬಟ್ಟೆ ಹಾಸಿ ಅದರಲ್ಲಿ ಉರುಳಿಸಿದರೆ ಇನ್ನೂ ಒಳ್ಳೆಯದು, ಲೋಹದ ದಾಳದ ಮೂಲೆಯೂ ಮೊಂಡಾಗುವುದಿಲ್ಲ.

ಆಮೇಲೆ ಎದುರು ಮುಖ ಕೂಡಿಸಿ. ಸಾಮಾನ್ಯ ಡಿ20ಯಲ್ಲಿ 21 ಬರಬೇಕು. ಅಕ್ಕಪಕ್ಕದಲ್ಲೇ 20, 19, 18 ಸಾಲಾಗಿದ್ದರೆ ಅದು ಎಣಿಕೆ ಇಡುವ ದಾಳ, ಉರುಳಿಸಲು ಅಲ್ಲ.

ಇನ್ನೂ ಅನುಮಾನ ಇದ್ದರೆ ಒಂದು ಲೋಟ ಬಿಸಿನೀರಿಗೆ ದಾಳ ತೇಲುವಷ್ಟು ಉಪ್ಪು ಕರಗಿಸಿ. ದಾಳವನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಹತ್ತು ಸಲವೂ ಅದೇ ಮುಖ ಮೇಲೆ ಬಂದರೆ ಒಳಗೆ ಗಾಳಿಗುಳ್ಳೆ ಇರಬಹುದು. ಕೆಲವು ಗಟ್ಟಿ ದಾಳ ತೇಲುವುದೇ ಇಲ್ಲ, ಅವಕ್ಕೆ 200 ಸಲ ಉರುಳಿಸಿ ಬರೆಯುವುದೊಂದೇ ದಾರಿ. ಒಂದೊಂದು ಮುಖ ಸುಮಾರು 10 ಸಲ ಬರಬೇಕು. 5 ಬಂದರೂ 15 ಬಂದರೂ ಅದು ಸಹಜ. ಒಂದೇ ಮುಖ 20 ದಾಟಿದರೆ ದಾಳ ಬದಲಿಸಿ.

## ನಾನೇ ಮಾಡಿದ ಮಾನ್‌ಸ್ಟರ್, ಯಾರಿಗೂ ಅರ್ಥವಾಗಲಿಲ್ಲ

ಹೊಸ ಮಾನ್‌ಸ್ಟರ್ ಮಾಡುವಾಗ ಸೊನ್ನೆಯಿಂದ ಶುರು ಮಾಡಬೇಡಿ. ಪುಸ್ತಕದ್ದೊಂದಕ್ಕೆ ಬೇರೆ ಚರ್ಮ ಹೊದಿಸಿ, ನಂಬರ್ ಹಾಗೇ ಬಿಡಿ. ಅದು ಸರಿ ಹೋದ ಮೇಲೆ ಒಂದೇ ಒಂದು ಗುಣ ಬದಲಿಸಿ.

ನನ್ನ ಬಿದರಿ ಸೈನಿಕ ಹೀಗೆ ಹುಟ್ಟಿದ. ಬಿದರಿ ಕೆಲಸ ನೋಡಿದ್ದೀರಲ್ಲ? ಸತು, ತಾಮ್ರ ಕಲಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂರಿಸುತ್ತಾರೆ. ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಪುಸ್ತಕದಲ್ಲಿ ತಾನೇ ನಡೆಯುವ ಖಾಲಿ ಕವಚ ಒಂದಿದೆ, ಎಸಿ 18, ಎಚ್‌ಪಿ 33. ಅದನ್ನೇ ತೆಗೆದುಕೊಂಡೆ. ಕತ್ತಲಲ್ಲಿ ಮೈ ಕಾಣುವುದಿಲ್ಲ, ಬೆಳ್ಳಿ ಬಳ್ಳಿಗಳು ಮಾತ್ರ ನಡೆದು ಬರುತ್ತವೆ. ಬದಲಿಸಿದ ಗುಣ ಒಂದೇ: ಪ್ರತಿ 10 ಎಚ್‌ಪಿ ಏಟಿಗೆ ಒಂದು ತಂತಿ ಕಿತ್ತು ಬರುತ್ತದೆ, ಎಸಿ 1 ಇಳಿಯುತ್ತದೆ.

ಮೊದಲ ಸಲ ಕೆಟ್ಟುಹೋಯಿತು. ತಂತಿಯ ಗುಟ್ಟನ್ನು ನಾನು ನನ್ನ ಹಾಳೆಯಲ್ಲೇ ಇಟ್ಟುಕೊಂಡಿದ್ದೆ. ಅವರಿಗೆ ಅದು ಬರೀ ಎಸಿ 18ರ ಗೋಡೆ. ಎರಡನೇ ಸಲ ನಂಬರ್ ಒಂದೂ ಮುಟ್ಟಲಿಲ್ಲ. 10 ಎಚ್‌ಪಿ ಆದ ಕೂಡಲೇ "ಟಣ್ ಅಂತ ಒಂದು ತಂತಿ ಎದ್ದು ಎದೆಯ ಮೇಲೆ ನೇತಾಡಿತು, ಅದರ ಕೆಳಗೆ ಕಪ್ಪು ಮೈ ಬಿರುಕು ಬಿಟ್ಟಿತು" ಅಂದೆ. ಅಕ್ಕನ ಮಗಳು ಚುರುಮುರಿ ಮುಕ್ಕುವುದನ್ನು ನಿಲ್ಲಿಸಿ ಕೂಗಿದಳು: "ತಂತಿ ಕಿತ್ತರ ಅದರ ಮೈ ಸಡ್ಲ ಆಗ್ತದ! ಎಲ್ಲರೂ ಒಂದಕ್ಕೇ ಹೊಡೀರಿ!"

ಈ ಲಕ್ಷಣದ ಬೇರು ಸಾಮಾನ್ಯವಾಗಿ ಇದೇ. ಮಾನ್‌ಸ್ಟರ್ ಸರಿ ಇರುತ್ತದೆ, ಗುರುತು ಹೊರಗೆ ಕಾಣುವುದಿಲ್ಲ. ಹಿರಣ್ಯಕಶಿಪುವಿನ ವರ ನೆನೆಸಿಕೊಳ್ಳಿ. ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಲ್ಲ, ಮೃಗವಲ್ಲ. ಕಥೆ ನಡೆಯುವುದು ಆ ವರದ ಮಾತುಗಳು ಕೇಳುವವರಿಗೆ ಮೊದಲೇ ಗೊತ್ತಿರುವುದರಿಂದ. ನಿಮ್ಮ ರಕ್ಕಸನಿಗೆ ಇಂಥ ವರ ಕೊಟ್ಟರೆ ಪ್ರತಿ ಷರತ್ತಿಗೂ ಕಡಿಮೆ ಅಂದರೆ 3 ಸುಳಿವು ಇಡಿ, ಮೂರು ಬೇರೆ ಬೇರೆ ಕಡೆ. ಒಂದನ್ನು ಅವರು ನೋಡುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ.

ರಕ್ತಬೀಜನ ಥರದ್ದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಏಟು ಬಿದ್ದಾಗೆಲ್ಲ ಇನ್ನೊಂದು ಹುಟ್ಟಬೇಕು. ಹೊಸದಕ್ಕೆ ಪೂರ್ತಿ ಎಚ್‌ಪಿ ಕೊಟ್ಟರೆ ಎರಡನೇ ಸುತ್ತಿಗೆ ಟೇಬಲ್ ತುಂಬ ರಕ್ಕಸರು, ಡಿಎಂ ಪಾಳಿಯೇ ಮುಗಿಯುವುದಿಲ್ಲ. ಪುಸ್ತಕದ ಓಕರ್ ಜೆಲ್ಲಿ ನೋಡಿ ಕಲಿಯಿರಿ. ಕತ್ತರಿಸಿದರೆ ಎರಡಾಗುತ್ತದೆ, ಆದರೆ ಉಳಿದ ಎಚ್‌ಪಿ ಎರಡಕ್ಕೂ ಅರ್ಧರ್ಧ. 10ಕ್ಕಿಂತ ಕಡಿಮೆ ಉಳಿದರೆ ಒಡೆಯುವುದೂ ಇಲ್ಲ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ರೂಲಿನ ಬಗ್ಗೆ ಜಗಳ ಶುರುವಾದರೆ ಆ ಕ್ಷಣಕ್ಕೆ ಡಿಎಂ ಹೇಳಿದ್ದು ನಡೆಯಲಿ, ಹಾಳೆಯಲ್ಲಿ ಗುರುತು ಹಾಕಿ, ಆಟ ಮುಗಿದ ಮೇಲೆ ಮಾತಾಡಿ. ಹೊಸ ರೂಲು ತಂದರೆ ಮೂರು ವಾರ ಅಂತ ಗಡುವು ಇಡಿ. ಮೂರನೇ ವಾರ ಯಾರಿಗೂ ಅದು ಬೇಕು ಅನ್ನಿಸದಿದ್ದರೆ ತಾನಾಗಿ ಬಿದ್ದುಹೋಗಲಿ.

ಮಾತು ರೂಲಿನಿಂದ ಮನುಷ್ಯರ ಕಡೆ ತಿರುಗಿದರೆ ಆಟ ನಿಲ್ಲಿಸಿ. "ನೀ ಯಾವಾಗ್ಲೂ ಅವನ ಕಡೀನೇ ಇರ್ತಿ" ಅನ್ನುವ ಮಾತಿಗೆ ಎಸಿ ಬದಲಿಸಿ ಉತ್ತರ ಕೊಡಲು ಆಗುವುದಿಲ್ಲ. ಚಹಾ ಮಾಡಿ, ಇಬ್ಬರನ್ನೇ ಕೂರಿಸಿ ಮಾತಾಡಿ.

ಯಾರಾದರೂ ಒಂದು ದೃಶ್ಯಕ್ಕೆ ಸುಮ್ಮನಾದರೆ, ಮುಖ ತಿರುಗಿಸಿದರೆ, ಅದು ಎಲ್ಲಕ್ಕಿಂತ ದೊಡ್ಡ ಗುರುತು. ಟೇಬಲ್ ಮೇಲೆ ಒಂದು ಎಕ್ಸ್ ಬರೆದ ಚೀಟಿ ಇಡಿ. ಯಾರು ಅದನ್ನು ಮುಟ್ಟಿದರೂ ಆ ದೃಶ್ಯ ಅಲ್ಲಿಗೆ ಬಿಡಬೇಕು, ಯಾಕೆ ಅಂತ ಕೇಳಬಾರದು. ನಮ್ಮಲ್ಲಿ ಮಕ್ಕಳಿಗೆ ನೋವಾಗುವುದನ್ನು ತೋರಿಸುವುದಿಲ್ಲ ಅಂತ ಮೊದಲ ದಿನವೇ ಬರೆದಿಟ್ಟಿದ್ದೇವೆ.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಎಚ್ಚರಿಕೆ. ಬೀದರ್‌ನ ನರಸಿಂಹ ಝರಣಿಯ ಕಥೆಯಲ್ಲಿ ಸತ್ತ ರಾಕ್ಷಸ ನೀರಾಗಿ ಹರಿಯುತ್ತಾನೆ. ಆ ಗುಣ ನಿಮ್ಮ ಮಾನ್‌ಸ್ಟರ್‌ಗೆ ಬೇಕಾದರೆ ತೆಗೆದುಕೊಳ್ಳಿ. ಗುಡಿ, ದರ್ಗಾ, ಮಠದ ಹೆಸರು ಹಾಕಿ ಅದನ್ನು ಹೊಡೆದಾಟದ ಜಾಗ ಮಾಡಬೇಡಿ. ಬದುಕಿರುವ ಯಾವ ಜಾತಿ, ಊರು, ಭಾಷೆಯವರ ಮಾತು, ಉಡುಪನ್ನೂ ಗಾಬ್ಲಿನ್‌ಗೆ ಹಚ್ಚಬೇಡಿ. ನಿಮ್ಮ ಎದುರು ಕೂತವನ ಅಜ್ಜ ಯಾರು ಅಂತ ನಿಮಗೆ ಗೊತ್ತಿರುವುದಿಲ್ಲ. ಹಾಗೇ ಕರೇಜ್ ಅನ್ನುವ ಹಳೇ ನೀರಿನ ಸುರಂಗ, ಹಾಳು ಕೋಟೆಯ ನೆಲಮಾಳಿಗೆ ಒಳಗೆ ಹೋಗಿ ನಿಜವಾಗಿ ಆಡೋಣ ಅನ್ನುವ ಹುಡುಗರನ್ನು ತಡೆಯಿರಿ. ನೀರು, ಬಾವಲಿ, ಉಸಿರು ಕಟ್ಟುವ ಗಾಳಿ, ಅಲ್ಲಿ ಸೇವಿಂಗ್ ಥ್ರೋ ಇಲ್ಲ. ಕರೆಂಟ್ ಹೋದಾಗ ಹಾಳೆಗಳ ನಡುವೆ ಮೇಣದಬತ್ತಿ ಬೇಡ, ಟಾರ್ಚ್ ಇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆಟ ಮುಗಿದಾಗ ದಾಳ ಎಣಿಸಿ ಎತ್ತಿಡಿ. ನಾಲ್ಕು ಮುಖದ ಡಿ4 ಗಂಟಲಿಗೆ ಸಿಕ್ಕರೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಎಲ್ಲ ನೋಡಿದರೂ ದೋಷ ಸಿಗದಿದ್ದರೆ ಬೇರೆ ಡಿಎಂ ಒಬ್ಬರನ್ನು ಕರೆಯಿರಿ. ಆಡಲು ಅಲ್ಲ, ಸುಮ್ನೆ ಕೂತು ನೋಡಲು. ಕೈಗೆ ನೋಟ್‌ಬುಕ್, ಗಡಿಯಾರ ಕೊಡಿ. ಬೀದರ್‌ನಿಂದ ನನ್ನ ಗೆಳೆಯ ಒಬ್ಬ ಹೀಗೆ ಬಂದು ಒಂದು ಸಂಜೆ ಮೂಲೆಯಲ್ಲಿ ಕೂತಿದ್ದ. ಹೊಡೆದಾಟ ಎಳೆಯುತ್ತಿದೆ, ಆಟಗಾರರು ನಿಧಾನ ಅಂತ ನಾನು ಅವನಿಗೆ ಮೊದಲೇ ಹೇಳಿದ್ದೆ. ಕೊನೆಯ ಬಸ್ಸಿಗೆ ಹೊರಡುವ ಮುಂಚೆ ಅವನು ಹಾಳೆ ಕೈಗಿಟ್ಟ. ನಾಲ್ಕು ಜನ ಆಟಗಾರರ ಪಾಳಿ ಸೇರಿ ಸುತ್ತಿಗೆ 8 ನಿಮಿಷ. ಆರು ಗಾಬ್ಲಿನ್ ಆಡಿಸುವ ನನ್ನೊಬ್ಬನ ಪಾಳಿ 11 ನಿಮಿಷ. ಅದರ ಕೆಳಗೆ ಅವನು ಬರೆದಿದ್ದ: "ಡ್ಯಾಮೇಜ್ ಉರುಳಿಸಬೇಡ. ಪುಸ್ತಕದ ಸರಾಸರಿ 5, ಅದನ್ನೇ ಹೇಳು." ಮುಂದಿನ ಭಾನುವಾರದಿಂದ ಹಾಗೇ ಮಾಡುತ್ತಿದ್ದೇನೆ. ನನ್ನ ಪಾಳಿ ಈಗ 4 ನಿಮಿಷ.